ಕೊಂಬು ಬಿಟ್ಟು ಎತ್ತರ

ಸೊಲ್ಲಾಪುರದಾಗ, ಅಕ್ಕಲಕೋಟ ರಸ್ತೆಯ ಕಾರ್ಖಾನ್ಯಾಗ
ಹಗಲೆಲ್ಲಾ ನಾನು ಸಾಲಿ ಹುಡುಗರ ಅಂಗಿ ಕತ್ತರಸತೀನಿ.
ನೂರಾ ಇಪ್ಪತ್ತು ಪದರು ಬಟ್ಟಿ, ಮ್ಯಾಲೊಂದು ಖಾಕಿ ರಟ್ಟು,
ಇಪ್ಪತ್ತೆರಡು, ಇಪ್ಪತ್ನಾಲ್ಕು, ಇಪ್ಪತ್ತಾರು.
ಮಶೀನು ಒಂದು ಸುತ್ತು ಹೊಡದರ
ಯಾವುದೋ ಊರಿನ ಎಂಟು ವರ್ಷದವರೆಲ್ಲಾ ಒಮ್ಮೆಗೇ ತಯಾರು.
ಒಬ್ಬ ಹುಡುಗನ್ನೂ ನಾನು ಕಂಡಿಲ್ಲ.

ರಾತ್ರಿ ಗೊಂಬಿ ಅಳೀತೀನಿ.

"ಗೊಂಬಿ ಆಡೂ ವಯಸ್ಸೇನ್ರಿ?" ಅಂತಾಳ ಮನಿಯಾಕಿ.
ಆಡೂದಿಲ್ಲ, ಬರೇ ಅಳೀತೀನಿ ಅಂದೆ.
"ಅದಕ್ಕೇ ಚಿಂತಿ" ಅಂದಳು.

ಮಂಗಳವಾರದ ಸಂತ್ಯಾಗ, ಗುಜರಿ ಗೋಣಿ ಮ್ಯಾಲೆ ಬಿದ್ದಿರತಾವ:
ಒಂದು ಕೈ ಇಲ್ಲದ ಯೋಧ, ನೀಲಿ ಮಾರಿಯ ರಾಕ್ಷಸ,
ಎದಿಯೊಳಗ ಬ್ಯಾಟರಿ ಸೋರಿ ಹಸುರುಗಟ್ಟಿದ ರೋಬೋಟು.
ಪೆಟ್ಟಿಗಿ ಇಲ್ಲ, ಹೆಸರಿಲ್ಲ, ಯಾವುದು ಹಿಡದರೂ ಹತ್ತು ರೂಪಾಯಿ.
ತೊಳದು, ಒರಸಿ, ಗ್ವಾಡಿಗೆ ನಿಂದರಿಸಿ
ಟೇಪು ಹಿಡದರ, ಆಗ ಶುರು ತಕರಾರು:
ಕೊಂಬು ಹಿಡದು ಅಳೀಬೇಕೋ, ಕೊಂಬು ಬಿಟ್ಟೋ?
ಮೊಳಕಾಲು ಮಡಚಿಕೊಂಡೇ ಹುಟ್ಟಿದವನ್ನ
ನೆಟ್ಟಗ ಮಾಡಿ ಲೆಕ್ಕ ಹಾಕೂದು ನ್ಯಾಯೇನು?
ಬೂಟಿನ ದಪ್ಪ ಅವನ ಎತ್ತರವೋ, ಬೂಟಿನ ಎತ್ತರವೋ?

ತಂಗಿ ಮಗಳು ಮಹಾನಂದಾ, ಪಾಲಿಟೆಕ್ನಿಕ್ಕಿನಾಕಿ,
ಎರಡು ತಿಂಗಳು ಕುಂತು ಆ್ಯಪು ಕಟ್ಟಿ ಕೊಟ್ಟಳು.
ಎಡಕ್ಕೊಂದು ಖಾನಿ, ಬಲಕ್ಕೊಂದು ಖಾನಿ,
ಹಿಂದ ಸಣ್ಣ ಸಣ್ಣ ಚೌಕದ ಜಾಳಿ,
ಕೆಳಗ ಉದ್ದಕ್ಕೂ ಒಂದೇ ನೆಲದ ಗೆರಿ.
"ನೆಲ ಒಂದೇ ಇರಬೇಕು ಮಾಮಾ,
ಇಲ್ಲಂದ್ರ ಎಲ್ಲಾರೂ ದೊಡ್ಡವರೇ."
ಒತ್ತಿದರ ಸಾಕು,
ಹದಿನೈದು ಸೆಂಟಿಮೀಟರಿನ ಯೋಧನ ಮಗ್ಗಲಿಗೆ
ಒಂಬತ್ತರ ರಾಕ್ಷಸ ಬಂದು ನಿಂದರತಾನ,
ಅಷ್ಟು ದೊಡ್ಡ ಸಿಟ್ಟು ಹೊತಗೊಂಡು, ಅವನ ಸೊಂಟದ ಮಟಕ್ಕ.

ಎಲ್ಲೆಲ್ಲಿಯವರೋ ಅಳತಿ ಕಳಸತಾರ ಈಗ.
ಪೋಲಂಡಿನ ಒಬ್ಬಾತ ಮೂರು ಮಿಲಿಮೀಟರ್ ತಪ್ಪು ಹಿಡದ.
ಖರೆ ಇತ್ತು. ಹನ್ನೊಂದು ವರ್ಷದಾಗ ನನ್ನ ಟೇಪೇ ಜಗ್ಗಿತ್ತು.
ಹಂಗಾದರ ಆ ಎಲ್ಲಾ ಅಂಗಿ?
ಯಾರನ್ನೂ ಕೇಳಲಿಲ್ಲ. ಉಕ್ಕಿನ ಪಟ್ಟಿ ಕೊಂಡೆ.

ಚಾದ ಹುಡುಗ ಅಂಬಾದಾಸ ಒಂದಿನ
ಕಿಟ್ಲಿ ಕೆಳಗಿಟ್ಟು ನನ್ನ ಮೊಬೈಲಿನಾಗ ಇಣಿಕಿದ.
ಮನ್ಯಾಗ ತೆಲುಗು, ಓಣ್ಯಾಗ ಮರಾಠಿ, ನನ್ನ ಕೂಡ ಮುರುಕು ಕನ್ನಡ.
"ಇಂವಾ, ಇಂವಾ ನಿಂತರ, ಯಾರು ದೊಡ್ಡಾಂವ?"
ತೋರಿಸಿದೆ. ಒತ್ತಿ ಒತ್ತಿ ನಕ್ಕ.
ಎಲ್ಲಾರನ್ನೂ ಎಲ್ಲಾರ ಮಗ್ಗಲಿಗೆ ನಿಂದರಿಸಿದ.
ಚಾ ಆರಿತು, ಮಾಲಕ ಒದರಿದ.

ಹನ್ನೆರಡು ವರ್ಷ ಅಂತ.
ನನ್ನ ಕಣ್ಣು ಹಾಳಾದ್ದು, ಭುಜ ನೋಡಿದರ ನಂಬರು ಹೇಳತದ:
ಇಪ್ಪತ್ನಾಲ್ಕು.
ರಟ್ಟಿನ ಮ್ಯಾಲೆ ಬರದದ: ವಯಸ್ಸು ಎಂಟು.
"ಬಾ, ಗ್ವಾಡಿಗೆ ನಿಲ್ಲು, ನಿನ್ನೂ ಹಾಕೂನು ಇದರಾಗ"
ಅಂದೆ, ನಗಲಿ ಅಂತ.

ನಿಂತ. ಕೂದಲಾ ಒತ್ತಿ ಪಟ್ಟಿ ಇಟ್ಟೆ.
ಉಸುರು ಹಿಡದಿದ್ದ. ಹಿಮ್ಮಡ ತುಸು ಎತ್ತಿದ್ದ,
ಕಂಡೆ, ಅನ್ನಲಿಲ್ಲ.
"ಬರಕೋರಿ" ಅಂದ. ಕಿಟ್ಲಿ ಎತಗೊಂಡ. ಬಾಗಲದಾಗ ತಿರುಗಿ,
"ಆದರ ನನ್ನ ಮಗ್ಗಲಿಗೆ ಯಾರನ್ನೂ ನಿಂದರಿಸಬ್ಯಾಡ್ರಿ."

ರಾತ್ರಿ ಎಡ ಖಾನ್ಯಾಗ ಅವನ್ನ ಹಾಕಿ ಬಲಕ್ಕ ಖಾಲಿ ಬಿಟ್ಟೆ.
ಆ್ಯಪು ಒಪ್ಪಲಿಲ್ಲ. ಕೆಂಪು ಅಕ್ಷರ: ಇನ್ನೊಬ್ಬರನ್ನು ಆರಿಸಿ.
ಮಹಾನಂದಾಗ ಫೋನು ಹಚ್ಚಿದೆ.
"ಒಬ್ಬನೇ ನಿಲ್ಲೂ ಹಂಗ ಮಾಡಲಿಕ್ಕೆ ಬರತದೇನವ್ವಾ?"
"ಬರತದ ಮಾಮಾ. ಆದರ ಹೋಲಿಸೂ ಜಾಗಾದಾಗ
ಒಬ್ಬಂದು ಏನು ಕೆಲಸ?"
ಸುಮ್ಮನಿದ್ದೆ. ಆಕಿನೂ ಸುಮ್ಮನಾದಳು.

ಈಗ ಅಲ್ಲೊಂದು ಗುಂಡಿ ಹೆಚ್ಚಿಗಿ ಅದ, ಮೂಲ್ಯಾಗ.
ಯಾರೂ ಒತ್ತಂಗಿಲ್ಲ. ಒತ್ತಿದರ
ಜಾಳಿ, ನೆಲದ ಗೆರಿ,
ಹೆಸರಿಲ್ಲದ ಒಬ್ಬ ಹುಡುಗನ ಆಕಾರ.
ಸುತ್ತ ಬೇಕಾದಷ್ಟು ಬಿಳಿ.
ಎತ್ತರದ ಮುಂದ ನೂರಾ ಮೂವತ್ತೊಂದು ಅಂತದ,
ಅದರ ಕೆಳಗ, ಎಲ್ಲಾ ಗೊಂಬಿಗೂ ಬರಿಯೂ ಹಂಗ,
ಸಣ್ಣ ಅಕ್ಷರದಾಗ ಒಂದು ಷರಾ:
ತುದಿಗಾಲು ಹಿಡದು.